ಹೆಳವರ ಹೊತ್ತಿಗೆ: ಒಕ್ಕಲು ಮನೆತನಗಳ ಚರಿತ್ರೆಯ ಪ್ರಶ್ನೆ

ಕೊಪ್ಪಳ ಸೀಮೆಯ ಚರಿತ್ರೆ ಎಂದೊಡನೆ ಸಂಶೋಧಕರ ಕಣ್ಣು ಕಲ್ಲಿನತ್ತ ಹೊರಳುತ್ತದೆ. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಶಿಲಾಗೋರಿಗಳು, ಇಟಗಿಯ ಮಹಾದೇವ ದೇವಾಲಯ, ಕೊಪಣದ ಜೈನ ನಿಸಿದಿಗಳು: ಇವುಗಳ ಕುರಿತು ನಡೆದಿರುವ ಕೆಲಸ ಕಡಿಮೆಯದೇನಲ್ಲ. ಆದರೆ ಈ ಕಲ್ಲುಗಳ ಸುತ್ತಲಿನ ನೆಲವನ್ನು ಉತ್ತು ಬಿತ್ತಿದ ಮನೆತನಗಳು ಎಲ್ಲಿಂದ ಬಂದವು, ಯಾವ ಬರದಲ್ಲಿ ಚದುರಿದವು, ಯಾರ ಮನೆಯ ಕವಲು ಯಾವ ಊರಿಗೆ ಹೋಗಿ ನೆಲೆಸಿತು ಎಂದು ಕೇಳಿದರೆ ನಮ್ಮ ಸಂಶೋಧನೆ ತಡವರಿಸುತ್ತದೆ. ಆಕರವಿಲ್ಲ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಆಕರವಿದೆ, ಅದು ಹೆಳವರ ಬಳಿ ಇದೆ.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರಿಗೆ ಬಂದು, ಒಕ್ಕಲು ಮನೆಯ ಅಂಗಳದಲ್ಲಿ ಆ ಮನೆತನದ ಮೂಲಪುರುಷನಿಂದ ತೊಡಗಿ ಇಂದಿನ ಮಕ್ಕಳವರೆಗೆ ಹೆಸರುಗಳನ್ನು ಒಪ್ಪಿಸುವ ಹೆಳವನನ್ನು ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಹಿರಿಯರು ಬಲ್ಲರು. ಮನೆದೇವರು, ಬೆಡಗು, ಮೂಲ ಊರು, ಕವಲೊಡೆದ ಅಣ್ಣತಮ್ಮಂದಿರು, ಕೊನೆಗೆ ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸಿನ ಹೆಸರು. ಇಷ್ಟನ್ನೂ ಆತ ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಹಣ, ಒಮ್ಮೊಮ್ಮೆ ದನಕರುವನ್ನು ಕಾಣಿಕೆಯಾಗಿ ಪಡೆದು ಮುಂದಿನ ಊರಿಗೆ ಹೋಗುತ್ತಾನೆ. ತಾಳೆಗರಿ, ತಾಮ್ರಪಟಗಳಿಂದ ಕಾಗದದ ಹೊತ್ತಿಗೆಗೆ ಈ ದಾಖಲೆ ಸಾಗಿ ಬಂದಿದೆ. ಹೆಳವ ಎಂಬ ಮಾತಿಗೆ ಕುಂಟ ಎಂಬುದೇ ಅರ್ಥ. ನಡೆಯಲಾರದ ಮೂಲಪುರುಷನನ್ನು ಬಂಧುಗಳು ಸಾಕುವುದು, ಆತ ಅವರ ವಂಶವನ್ನು ಹೊಗಳಿ ನೆನಪಿಡುವುದು ಎಂಬ ಒಡಂಬಡಿಕೆಯ ಐತಿಹ್ಯ ಈ ವೃತ್ತಿಯ ಹಿಂದಿದೆ. ತೆಲುಗು ನಾಡಿನ ಪಿಚ್ಚಿಗುಂಟಲವರೂ ಇದೇ ಬಗೆಯವರು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳು ಅವರನ್ನು ವಿವರಿಸಿವೆ. ಅಲ್ಲಿ ಅವರು ಭಿಕ್ಷುಕ ವರ್ಗವಾಗಿ ಕಾಣಿಸಿಕೊಳ್ಳುತ್ತಾರೆ. ವಸಾಹತುಶಾಹಿ ಜನಾಂಗಶಾಸ್ತ್ರ ಅಂಟಿಸಿದ ಆ ಹಣೆಪಟ್ಟಿಯನ್ನು ಸ್ವಾತಂತ್ರ್ಯೋತ್ತರ ಜಾನಪದ ವಿದ್ವತ್ತು ಪೂರ್ತಿಯಾಗಿ ಕಿತ್ತುಹಾಕಿಲ್ಲ. ಹೆಳವರನ್ನು ವೃತ್ತಿಗಾಯಕರ ಪಟ್ಟಿಯಲ್ಲಿ ಸೇರಿಸಿ, ವೇಷಭೂಷಣ, ಆಚರಣೆ, ನಂಬಿಕೆಗಳ ಅಧ್ಯಾಯಗಳನ್ನು ಬರೆದು ಮುಗಿಸುವ ಪ್ರಬಂಧಗಳಲ್ಲಿ ಹೊತ್ತಿಗೆ ಒಂದು ಛಾಯಾಚಿತ್ರವಾಗಿ ಮಾತ್ರ ಉಳಿಯುತ್ತದೆ. ಅದರೊಳಗೆ ಏನಿದೆ ಎಂದು ಓದುವವರು ವಿರಳ.

ಹೆಳವರ ಮಾತು ಹೊಗಳಿಕೆಯದು, ಅದರಲ್ಲಿ ಪುರಾಣ ಬೆರೆತಿದೆ, ಆದ್ದರಿಂದ ಅದು ಚರಿತ್ರೆಯಾಗದು ಎಂಬ ಆಕ್ಷೇಪವೊಂದು ಇದೆ. ಆಕ್ಷೇಪದ ಮೊದಲರ್ಧ ನಿಜ. ಆದರೆ ಇದೇ ಅಳತೆಗೋಲನ್ನು ರಾಜರ ಶಾಸನಗಳಿಗೆ ಹಿಡಿದವರು ಯಾರು? ಕಲ್ಯಾಣದ ಚಾಲುಕ್ಯರ ಕೌಠೇಂ ತಾಮ್ರಶಾಸನ (ಕ್ರಿ.ಶ. 1009) ಆ ವಂಶದ 59 ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಹೇಳುತ್ತದೆ. ಈ 59 ಮಂದಿಯನ್ನು ಯಾವ ಇತಿಹಾಸಕಾರನೂ ನಂಬಲಿಲ್ಲ. ಹಾಗೆಂದು ಶಾಸನವನ್ನು ಬಿಸುಡಲೂ ಇಲ್ಲ. ಪುರಾಣದ ಭಾಗವನ್ನು ಸೋಸಿ, ಉಳಿದುದನ್ನು ಬೇರೆ ಶಾಸನಗಳೊಡನೆ ತಾಳೆ ನೋಡಿ ಕಾಲಾನುಕ್ರಮಣಿಕೆಯನ್ನು ಕಟ್ಟಿದರು. ಅದೇ ವಂಶದ ಆರನೆಯ ವಿಕ್ರಮಾದಿತ್ಯನ ದಂಡನಾಯಕನು 1112ರಲ್ಲಿ ಇಟಗಿಯ ಗುಡಿಯನ್ನು ಕಟ್ಟಿಸಿದಾಗ ಬರೆಸಿದ ಪ್ರಶಸ್ತಿಯನ್ನೂ ಹೀಗೆಯೇ ಓದಲಾಯಿತು. ಅರಸನ ಅತ್ಯುಕ್ತಿಗೆ ಸಿಕ್ಕ ಈ ತಾಳ್ಮೆ ಇಟಗಿಯ ಒಕ್ಕಲಿಗನ ವಂಶಾವಳಿಗೆ ಸಿಗದಿರುವುದು ಪದವಿಗೆ ತೋರಿದ ಗೌರವವೇ ಹೊರತು ವಿಧಾನದ ಕಟ್ಟುನಿಟ್ಟಲ್ಲ. ಕೈಫಿಯತ್ತುಗಳ ವಿಷಯದಲ್ಲಿಯೂ ಮೊದಲು ಅನುಮಾನವೇ ಇದ್ದಿತು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' 1994ರಲ್ಲಿ ಹೊರಬಂದ ಮೇಲೆ ಅವುಗಳನ್ನು ಉಲ್ಲೇಖಿಸಲು ಹಿಂಜರಿಯುವವರು ಕಡಿಮೆಯಾದರು. ಹೆಳವರ ಹೊತ್ತಿಗೆಗೆ ಅಂಥ ಸಂಪಾದಕ ಇನ್ನೂ ದೊರೆಯಬೇಕಾಗಿದೆ.

ಈ ನಾಲ್ಕು ತಾಲೂಕುಗಳಲ್ಲಿ ಪ್ರಶ್ನೆ ಹೆಚ್ಚು ತೀವ್ರವಾಗಲು ಕಾರಣಗಳಿವೆ. 1948ರವರೆಗೆ ಇದು ನಿಜಾಮನ ಸೀಮೆ. ಕೊಪ್ಪಳ ಮತ್ತು ಯಲಬುರ್ಗಾ ಭಾಗಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಮೇಲಿನ ಹಂತದ ದಫ್ತರದ ಭಾಷೆ ಮೊದಲು ಫಾರಸಿ, 19ನೆಯ ಶತಮಾನದ ಉತ್ತರಾರ್ಧದಿಂದ ಉರ್ದು. ಆ ಕಾಗದಗಳನ್ನು ಹುಡುಕಬೇಕಾದರೆ ಹೈದರಾಬಾದಿಗೆ ಹೋಗಬೇಕು, ಓದಬಲ್ಲವರನ್ನು ಹುಡುಕಬೇಕು. ಯಲಬುರ್ಗಾದ ರೈತನ ಮೊಮ್ಮಗನಿಗೆ ತನ್ನ ಮುತ್ತಜ್ಜನ ಹೆಸರು ಕನ್ನಡದಲ್ಲಿ, ಕೈಗೆಟುಕುವ ದೂರದಲ್ಲಿ ಸಿಗುವುದು ಹೆಳವನ ಹೊತ್ತಿಗೆಯಲ್ಲಿಯೇ. ಇಂದು ಗ್ರಾಮ ಆಡಳಿತಾಧಿಕಾರಿಗಳಿಂದ ಪಡೆಯುವ ವಂಶವೃಕ್ಷವೂ ಇದೆಯಲ್ಲ ಎನ್ನಬಹುದು. ಅದು ಪೌತಿ ಖಾತೆಗೆ ಬೇಕಾದಷ್ಟು ಮಾತ್ರ. ಹೊಲವಿಲ್ಲದವನಿಗೆ ಅದರಲ್ಲಿ ವಂಶವೂ ಇಲ್ಲ.

ಇದರ ಜೊತೆಗೆ ಚಲನೆಯ ಪ್ರಶ್ನೆಯಿದೆ. 1876-78ರ ಧಾತು ಸಂವತ್ಸರದ ಬರ ಈ ಸೀಮೆಯ ಊರುಗಳನ್ನು ಬರಿದುಮಾಡಿತು. 1950ರ ದಶಕದಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಕಾಲುವೆಯ ನೀರು ಹರಿದ ಗಂಗಾವತಿಯ ಎರೆನೆಲಕ್ಕೆ ಆಂಧ್ರದಿಂದ ಬಂದ ಕುಟುಂಬಗಳು ಕ್ಯಾಂಪುಗಳನ್ನು ಕಟ್ಟಿಕೊಂಡವು. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಊರುಗಳಿಂದ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುವುದು ವರ್ಷದ ಕ್ರಮವೇ ಆಗಿದೆ. ಊರು ಮುಳುಗಿದರೂ ಮನೆತನದ ಬೆನ್ನುಹತ್ತಿ ಹೋಗುವುದು ಹೆಳವರ ವೃತ್ತಿಯ ಸ್ವಭಾವ. ಜನಗಣತಿ ಊರನ್ನು ಎಣಿಸುತ್ತದೆ, ಹೆಳವನು ಮನೆಯನ್ನು ಎಣಿಸುತ್ತಾನೆ. ವಲಸೆಯ ಅಧ್ಯಯನಕ್ಕೆ ಬೇಕಾದುದು ಈ ಎರಡನೆಯ ಎಣಿಕೆ.

ಹಾಗಾದರೆ ಹೊತ್ತಿಗೆಗಳನ್ನೆಲ್ಲ ತಂದು ಗಣಕೀಕರಿಸಿಬಿಡೋಣ ಎಂಬ ಉತ್ಸಾಹ ಇಂದು ಎಲ್ಲೆಡೆ ಕಾಣುತ್ತದೆ. ಅದನ್ನು ಸ್ವಲ್ಪ ತಡೆಹಿಡಿಯಬೇಕು. ಒಕ್ಕಲುಗಳು ಹೆಳವರ ನಡುವೆ ಹಕ್ಕಿನಂತೆ ಹಂಚಿಕೆಯಾಗಿವೆ. ತಂದೆಯ ಒಕ್ಕಲು ಮಕ್ಕಳಿಗೆ ಬರುತ್ತದೆ. ಆ ಹೊತ್ತಿಗೆಯ ಪ್ರತಿ ಎಲ್ಲರ ಕೈಗೂ ಸಿಕ್ಕರೆ ಆ ಮನೆಯ ಅನ್ನ ಹೋಗುತ್ತದೆ. ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿರುವ ಈ ಅಲೆಮಾರಿ ಸಮುದಾಯಕ್ಕೆ ಇದು ಸಣ್ಣ ಮಾತಲ್ಲ. ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕೆಯ ಯೂಟಾದ ವಂಶಾವಳಿ ಸಂಘವು ಮೈಕ್ರೋಫಿಲ್ಮ್ ಮಾಡಿದ ನಿದರ್ಶನ ನಮ್ಮ ಮುಂದಿದೆ. ಹೊತ್ತಿಗೆಯ ಹಾಳೆ ಅದರಿಂದ ಉಳಿಯಬಹುದು. ಅಂಗಳದಲ್ಲಿ ನಿಂತು ಹೆಸರು ಒಪ್ಪಿಸುವವನು ಉಳಿಯುವನೇ ಎಂಬುದು ಬೇರೆ ಪ್ರಶ್ನೆ. ಮೇಲಾಗಿ ಹೊತ್ತಿಗೆಯಲ್ಲಿ ದತ್ತಕವಿದೆ, ಉಡಿಕೆಯಿದೆ, ಆಸ್ತಿಯ ಜಗಳಕ್ಕೆ ಸಾಕ್ಷಿಯಾಗಬಲ್ಲ ಸಾಲುಗಳಿವೆ. ಬದುಕಿರುವವರ ವಿವರಗಳನ್ನು ಸಂಶೋಧನೆಯ ಹೆಸರಿನಲ್ಲಿ ಬಯಲಿಗಿಡುವ ಅಧಿಕಾರ ಯಾರಿಗೂ ಇಲ್ಲ.

ಈ ನಿಟ್ಟಿನಲ್ಲಿ ಯಹೂದಿಗಳ ಅನುಭವ ಗಮನಾರ್ಹ. ಎರಡನೆಯ ಮಹಾಯುದ್ಧದ ನರಮೇಧದಲ್ಲಿ ಊರಿಗೆ ಊರೇ ಅಳಿದುಹೋದ ಮೇಲೆ ಆ ಜನ ವಂಶದ ಎಳೆಗಳನ್ನು ಮತ್ತೆ ಜೋಡಿಸತೊಡಗಿದರು. 1953ರಲ್ಲಿ ಜೆರುಸಲೇಮಿನಲ್ಲಿ ಸ್ಥಾಪಿತವಾದ ಯಾದ್ ವಾಶೆಮ್ ಸಂಸ್ಥೆ, ಸತ್ತ ಪ್ರತಿಯೊಬ್ಬರಿಗೂ ಒಂದೊಂದು ಸಾಕ್ಷ್ಯಪತ್ರವನ್ನು ಬಂಧುಗಳಿಂದ, ಪರಿಚಿತರಿಂದ ಬರೆಸಿಕೊಂಡಿತು; 1977ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಯಹೂದಿ ವಂಶಾವಳಿ ಸಂಘದ ಬಗೆಯ ಸ್ಥಳೀಯ ಸಂಘಗಳಲ್ಲಿ ಸಾಮಾನ್ಯ ಕುಟುಂಬಸ್ಥರೇ ಒಬ್ಬರಿಗೊಬ್ಬರು ನೆರವಾಗಿ ಹುಡುಕುತ್ತಾರೆ. ಎರಡು ಚರಿತ್ರೆಗಳ ನಡುವೆ ಹೋಲಿಕೆಯಿಲ್ಲ, ಹೋಲಿಸುವುದು ಸಲ್ಲದು. ಕಲಿಯಬೇಕಾದುದು ವಿಧಾನವನ್ನು. ಆ ಪತ್ರದಲ್ಲಿ ಸತ್ತವರ ಹೆಸರಿನೊಂದಿಗೆ ಅದನ್ನು ಹೇಳಿದವರು ಯಾರು, ಅವರಿಗೆ ಏನಾಗಬೇಕು ಎಂಬುದೂ ಸಹಿಯೊಡನೆ ಇರುತ್ತದೆ. ಮಾಹಿತಿ ಅದನ್ನು ಕೊಟ್ಟವರಿಂದ ಬೇರ್ಪಡುವುದಿಲ್ಲ. 'ವಕ್ತೃ: ಹೆಳವ, ವಯಸ್ಸು ಸುಮಾರು 60' ಎಂದು ಅನುಬಂಧದಲ್ಲಿ ಬರೆದು ಮುಗಿಸುವ ನಮ್ಮ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಕೊಪ್ಪಳ ಜಿಲ್ಲೆಯ ತಾಲೂಕುಗಳಲ್ಲಿ ಇಂಥದೊಂದು ವಂಶಾವಳಿ ಮಂಡಳಿ ಏಕಿರಬಾರದು? ಹೆಳವರು, ಒಕ್ಕಲು ಮನೆಗಳ ಹಿರಿಯರು, ಪದವಿ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ಅಧ್ಯಾಪಕರು ಸೇರಿ ನಡೆಸಬಹುದಾದದ್ದು. ಮೂಲ ಹೊತ್ತಿಗೆ ಹೆಳವನ ಮನೆಯಲ್ಲಿಯೇ ಇರಲಿ. ಪ್ರತಿಯನ್ನು ತೆರೆಯಬೇಕಾದರೆ ಹೆಳವನ ಒಪ್ಪಿಗೆಯೂ ಆ ಮನೆಯ ಒಪ್ಪಿಗೆಯೂ ಬೇಕೆಂದಾಗಲಿ. ಓದಿಸಿದಾಗಲೆಲ್ಲ ಆತನಿಗೆ ಸಂಭಾವನೆ ಸಲ್ಲಲಿ. ವಿಶ್ವವಿದ್ಯಾಲಯದ ಅನುದಾನದಲ್ಲಿ ಕ್ಷೇತ್ರಕಾರ್ಯದ ವಾಹನಕ್ಕೆ ಹಣವಿರುತ್ತದೆ, ವಕ್ತೃವಿಗೆ ಇರುವುದಿಲ್ಲ ಎಂಬುದು ಎಲ್ಲರೂ ಬಲ್ಲ ಸಂಗತಿ.

ಮಂಡಳಿ ಹೊತ್ತಿಗೆಯನ್ನು ನಕಲು ಮಾಡಿದರೆ ಸಾಲದು. ಹೊತ್ತಿಗೆ ಬೆಳೆದಿರುವುದು ಮುಖ್ಯವಾಗಿ ಗಂಡುಸಂತತಿಯ ಜಾಡಿನಲ್ಲಿ. ಹುಲಿಗೆಮ್ಮನ ಸೀಮೆಯಾದ ಇಲ್ಲಿ ದೇವದಾಸಿಯರ ಮಕ್ಕಳಿದ್ದಾರೆ. 1982ರ ಕಾನೂನು ಆ ಪದ್ಧತಿಯನ್ನು ನಿಷೇಧಿಸಿತು. ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿನ ಕಲಮು ಮಾತ್ರ ಆ ಮಕ್ಕಳನ್ನು ಬಹುಕಾಲ ಕಾಡಿತು. ತಾಯಿ, ತಾಯಿಯ ತಾಯಿ, ಆಕೆಯ ತಾಯಿ ಎಂದು ಸಾಗುವ ಅವರ ವಂಶವನ್ನು ಬರೆದುಕೊಳ್ಳಲು ಯಾವ ಹೆಳವನೂ ಎತ್ತು ಏರಿ ಬಂದಿಲ್ಲದಿದ್ದರೆ ಮಂಡಳಿಯ ಮೊದಲ ಹೊಸ ಹೊತ್ತಿಗೆ ಅಲ್ಲಿಂದಲೇ ಆರಂಭವಾಗಬೇಕು.

ಎತ್ತು ಹೋಗಿ ಮೋಟಾರ್ ಸೈಕಲ್ಲು ಬಂದಿದೆ. ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಹಿಡಿಯಲೇಬೇಕು, ಪರಂಪರೆಯ ಹೆಸರಿನಲ್ಲಿ ಅವರನ್ನು ಅಲೆಯಲು ಹಚ್ಚುವುದು ನ್ಯಾಯವಲ್ಲ. ಕುಷ್ಟಗಿಯ ಕಡೆಯ ಊರಿಗೆ ಬೇಸಿಗೆಯಲ್ಲಿ ಬರುವ ಹೆಳವನಿಗೆ ಗುಳೆ ಹೋದವರ ಮನೆಗಳಿಗೆ ಬೀಗ ಕಾಣುತ್ತದೆ. ಬಾಗಿಲು ತೆರೆದಿರುವ ಮನೆಯಲ್ಲಿ ಮುದುಕಿಯೊಬ್ಬಳೇ ಇರುತ್ತಾಳೆ. ಹೊಸದಾಗಿ ಹುಟ್ಟಿದವರ ಹೆಸರು ಹೇಳೆಂದರೆ, ಮಂಗಳೂರಿನಲ್ಲಿ ಹುಟ್ಟಿದ ಮೊಮ್ಮಗುವಿಗೆ ಮನೆಯಲ್ಲಿ ಕರೆಯುವ ಹೆಸರನ್ನು ಹೇಳುತ್ತಾಳೆ. ಆತ ಅದನ್ನೇ ಬರೆದುಕೊಳ್ಳುತ್ತಾನೆ.