ಮನೆಯೊಳಗಿನ ದುಡಿಮೆಗೂ ಬಿಡುವಿನ ಹೊತ್ತು ಬೇಕು

2020ರ ಮಾರ್ಚ್ ತಿಂಗಳಲ್ಲಿ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದ ನಂತರ ಬೆಂಗಳೂರು, ಮುಂಬಯಿ, ಪುಣೆಗಳ ಕಚೇರಿಗಳಲ್ಲಿ ದುಡಿಯುತ್ತಿದ್ದ ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಅನೇಕ ಯುವಕ ಯುವತಿಯರು ಲ್ಯಾಪ್‌ಟಾಪ್ ಹಿಡಿದು ಹುಟ್ಟೂರಿಗೆ ಮರಳಿದರು. ರೋಗದ ಭೀತಿ ಸರಿದ ಮೇಲೆ ಕೆಲವರು ನಗರಕ್ಕೆ ಹಿಂತಿರುಗಿದ್ದಾರೆ. ಕೆಲವರು ಇಂದಿಗೂ ಮನೆಯಿಂದಲೇ ದುಡಿಯುತ್ತಿದ್ದಾರೆ. ಮಕ್ಕಳು ಹತ್ತಿರವಿದ್ದಾರೆಂಬ ಸಂತೋಷ ವೃದ್ಧ ತಂದೆತಾಯಿಯರಿಗೆ ಸಣ್ಣದಲ್ಲ. ಆದರೆ ಮನೆಗೆ ಬಂದದ್ದು ಮಕ್ಕಳು ಮಾತ್ರವಲ್ಲ, ಅವರ ಕಚೇರಿಯೂ ಬಂದಿದೆ. ಆ ಕಚೇರಿಗೆ ಬಾಗಿಲು ಹಾಕುವ ಹೊತ್ತು ಯಾವುದೆಂದು ನಾವು ಇನ್ನೂ ನಿರ್ಧರಿಸಿಲ್ಲ.

ಮನೆಯಲ್ಲಿ ಕುಳಿತು ದುಡಿಯುವುದು ನಮ್ಮ ಕರಾವಳಿಗೆ ಹೊಸತೇನೂ ಅಲ್ಲ. ಜಗಲಿಯಲ್ಲಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ ತಾಯಂದಿರ ದುಡಿಮೆಯಿಂದ ಎಷ್ಟೋ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಇಂದು ಲ್ಯಾಪ್‌ಟಾಪಿನ ಮುಂದೆ ಕುಳಿತವರಲ್ಲಿಯೂ ಅಂತಹ ತಾಯಂದಿರ ಮಕ್ಕಳಿದ್ದಾರೆ. ಸಾವಿರ ಬೀಡಿಗೆ ಇಷ್ಟೆಂಬ ಮಜೂರಿ; ಅನ್ನ ಬೇಯುವಾಗ ಒಂದಷ್ಟು, ಮಗು ಮಲಗಿದಾಗ ಒಂದಷ್ಟು, ರಾತ್ರಿ ಎಲ್ಲರೂ ಮಲಗಿದ ಮೇಲೆ ಉಳಿದಷ್ಟು. ಬ್ರಾಂಚಿಗೆ ಒಪ್ಪಿಸಬೇಕಾದ ಲೆಕ್ಕ ತುಂಬುವ ತನಕ ಅವರಿಗೆ ಬಿಡುವಿರಲಿಲ್ಲ.

ಇವರನ್ನು ಕಾರ್ಮಿಕರೆಂದು ಒಪ್ಪಿಕೊಳ್ಳುವುದಕ್ಕೇ ಕಾನೂನು ಬೇಕಾಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರ ಸಾಲಿಗೆ ಸೇರಿಸಿತು. ಉದ್ಯಮದವರು ಆ ಕಾಯ್ದೆಯನ್ನು ಪ್ರಶ್ನಿಸಿದಾಗ, 1974ರಲ್ಲಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 1976ರಲ್ಲಿ ಕ್ಷೇಮ ನಿಧಿಯ ಕಾಯ್ದೆಯೂ ಬಂದಿತು. ಆದರೆ ಒಂದು ಕೊರತೆ ಮಾತ್ರ ಉಳಿಯಿತು. ದಿನಕ್ಕೆ 9 ತಾಸೆಂಬ ಮಿತಿಯನ್ನು ಆ ಕಾಯ್ದೆ ವಿಧಿಸಿದ್ದು ಉದ್ಯಮದ ಆವರಣಕ್ಕೆ, ವಾಸದ ಮನೆಗಲ್ಲ. ಜಗಲಿಯ ಮೇಲಿನ ತಾಸುಗಳನ್ನು ಎಣಿಸುವವರು ಯಾರೂ ಇರಲಿಲ್ಲ.

ಲ್ಯಾಪ್‌ಟಾಪಿನ ದುಡಿಮೆಯಲ್ಲಿ ಸಂಬಳ ಹೆಚ್ಚು, ಬೆವರು ಕಡಿಮೆ ಎಂಬುದು ನಿಜ. ಆದರೆ ತಾಸಿನ ಲೆಕ್ಕ ಇಲ್ಲಿಯೂ ಹಾಗೆಯೇ ತಪ್ಪಿದೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಗಂಟೆಯಾಗುವಾಗ ನಮ್ಮಲ್ಲಿ ಸಂಜೆ 6.30, ಅಲ್ಲಿಯ ಚಳಿಗಾಲದಲ್ಲಿ 7.30. ಮನೆಮಂದಿಯೆಲ್ಲ ಜಪಸರಕ್ಕೆ ಸೇರಿ, ಬಳಿಕ ಒಟ್ಟಾಗಿ ಊಟಕ್ಕೆ ಕುಳಿತುಕೊಳ್ಳುವ ಹೊತ್ತೂ ಅದೇ. ಅಮೆರಿಕದ ಗಿರಾಕಿಗಳಿಗಾಗಿ ದುಡಿಯುವ ಮಗ ಆ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಮರುದಿನ ಬೆಳಿಗ್ಗೆ ಇಲ್ಲಿಯ ಕಚೇರಿಯ ಕರೆ ಬರುತ್ತದೆ. ಒಂದೇ ಮನೆಯಲ್ಲಿದ್ದೂ ವಾರಗಟ್ಟಲೆ ಒಟ್ಟಿಗೆ ಉಣ್ಣದ ಕುಟುಂಬಗಳು ನಮ್ಮ ನಡುವೆ ಇವೆ. ಮಗ ಬೆಂಗಳೂರಿನಲ್ಲಿದ್ದಾಗ ಇಷ್ಟು ದೂರವಿರಲಿಲ್ಲವೆಂದು ಹೇಳುವ ತಾಯಂದಿರೂ ಇದ್ದಾರೆ.

ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಠಿಣ. ‘ಹೇಗೂ ಮನೆಯಲ್ಲೇ ಇದ್ದಾಳಲ್ಲ’ ಎಂಬ ಒಂದು ಮಾತು ಸೊಸೆಯ ಹೆಗಲ ಮೇಲೆ ಎರಡು ನೊಗಗಳನ್ನು ಹೊರಿಸುತ್ತದೆ. ಕಚೇರಿಯವರ ಪಾಲಿಗೆ ಅವಳಿಗೆ ಮನೆಯಿಲ್ಲ. ಮನೆಯವರ ಪಾಲಿಗೆ ಅವಳಿಗೆ ಕಚೇರಿಯಿಲ್ಲ. ನೆಂಟರು ಬಂದಾಗ ಚಹಾ ತರಬೇಕಾದವಳೂ ಅವಳೇ, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವಳೂ ಅವಳೇ. ಗಂಡನೂ ಅದೇ ಮನೆಯಲ್ಲಿ, ಅದೇ ಬಗೆಯ ಉದ್ಯೋಗದಲ್ಲಿದ್ದರೆ ಅವನ ಕೋಣೆಯ ಬಾಗಿಲನ್ನು ಮಾತ್ರ ಯಾರೂ ತಟ್ಟುವುದಿಲ್ಲ. ಮನೆಯಲ್ಲಿರುವುದು ಬೇರೆ, ಬಿಡುವಾಗಿರುವುದು ಬೇರೆ ಎಂಬ ಸರಳ ಸತ್ಯವನ್ನು ನಾವು ಇನ್ನಾದರೂ ಮನಗಾಣಬೇಕು.

‘ಬೀಡಿ ಕಟ್ಟಿದ ತಾಯಂದಿರು ದೂರದೆ ದುಡಿಯಲಿಲ್ಲವೇ? ಗದ್ದೆಯಲ್ಲಿ ದುಡಿದವರು ಗಡಿಯಾರ ನೋಡಿದರೇ?’ ಎಂದು ಕೇಳುವ ಹಿರಿಯರಿದ್ದಾರೆ. ಗದ್ದೆಯ ದುಡಿಮೆಗೆ ಸೂರ್ಯಾಸ್ತವೇ ಗಡಿಯಾರವಾಗಿತ್ತು; ನಾಟಿಯೂ ಕೊಯ್ಲೂ ಮುಗಿದರೆ ಹಬ್ಬ, ಮದುವೆಗಳಿಗೆ ಪುರುಸೊತ್ತು ಸಿಗುತ್ತಿತ್ತು. ಇನ್ನು ಬೀಡಿ ಕಟ್ಟಿದವರ ಮೌನ ಒಪ್ಪಿಗೆಯ ಮೌನವಾಗಿರಲಿಲ್ಲ. ಅವರ ಬಾಗಿದ ಬೆನ್ನು, ಹೊಗೆಸೊಪ್ಪಿನ ಧೂಳಿಗೆ ತುತ್ತಾದ ಎದೆ ಆ ಮಾತನ್ನು ಹೇಳುತ್ತವೆ. ತಾಯಂದಿರು ಸಹಿಸಿದರೆಂಬ ಕಾರಣಕ್ಕೆ ಮಕ್ಕಳೂ ಸಹಿಸಬೇಕೆಂಬುದು ನ್ಯಾಯವಲ್ಲ.

ಹೊರಗಿನ ಜಗತ್ತು ಈ ಬಗ್ಗೆ ಎಚ್ಚೆತ್ತಿದೆ. ಕೆಲಸದ ಹೊತ್ತು ಮೀರಿದ ಮೇಲೆ ಕಚೇರಿಯ ಕರೆಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ 2017ರಿಂದಲೂ, ಆಸ್ಟ್ರೇಲಿಯ 2024ರಿಂದಲೂ ಕಾನೂನಿನಲ್ಲಿ ಮಾನ್ಯ ಮಾಡಿವೆ. ನಮ್ಮ ರಾಜ್ಯದಲ್ಲಿಯಾದರೋ 2024ರ ಜುಲೈಯಲ್ಲಿ, ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ದಿನಕ್ಕೆ 14 ತಾಸುಗಳವರೆಗೂ ದುಡಿಸಲು ಅವಕಾಶವೀಯುವ ಪ್ರಸ್ತಾಪವೇ ಬಂದು, ನೌಕರರ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಬೇಕಾಯಿತು. ಪವಿತ್ರ ಸಭೆಗೆ ಈ ಪ್ರಶ್ನೆ ಹೊಸತಲ್ಲ. ಕಾರ್ಮಿಕರ ಸ್ಥಿತಿಗತಿಯ ಕುರಿತು 1891ರಲ್ಲಿ ಪರಿಪತ್ರ ಹೊರಡಿಸಿದ ಪೋಪ್ 13ನೇ ಲಿಯೋರವರು ಭಾನುವಾರದ ವಿಶ್ರಾಂತಿಯನ್ನು ಕಾರ್ಮಿಕನ ಹಕ್ಕಿನೊಂದಿಗೇ ಸೇರಿಸಿ ಹೇಳಿದ್ದರು. 2025ರಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋರವರು ಅದೇ ಹೆಸರನ್ನು ಆರಿಸಿಕೊಳ್ಳಲು ಆ ಪರಿಪತ್ರವೂ, ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ದುಡಿಮೆಯ ಘನತೆಗೆ ಒದಗಿರುವ ಸವಾಲೂ ಕಾರಣವೆಂದು ತಿಳಿಸಿದರು.

ಕಾನೂನು ಬರುವ ತನಕ ಕಾದು ಕುಳಿತುಕೊಳ್ಳಬೇಕಾಗಿಲ್ಲ. ಮೊದಲ ಕೆಲಸ ಆಗಬೇಕಾದದ್ದು ಮನೆಯಲ್ಲಿ. ದುಡಿಯುವವರ ಹೊತ್ತು ಯಾವುದೆಂದು ಮನೆಮಂದಿ ಕೂಡಿ ಮಾತನಾಡಿ ಗೊತ್ತುಮಾಡಿಕೊಳ್ಳಲಿ. ಆ ಹೊತ್ತಿನಲ್ಲಿ ಅವರನ್ನು ಕಚೇರಿಯಲ್ಲಿರುವವರಂತೆಯೇ ಕಾಣಲಿ. ಹೊತ್ತು ಮುಗಿದ ಮೇಲೆ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಾಗಲೀ ಹಾಸಿಗೆಯ ಮೇಲಾಗಲೀ ಇರದಿರಲಿ. ರಾತ್ರಿ ದುಡಿದವರಿಗೆ ಹಗಲು ನಿದ್ರೆ ಬೇಕು. ಅದನ್ನು ಸೋಮಾರಿತನವೆಂದು ಆಡಿಕೊಳ್ಳಬಾರದು. ಸಂಜೆ ಒಟ್ಟು ಸೇರಲು ಸಾಧ್ಯವಿಲ್ಲದ ಮನೆಯಲ್ಲಿ ಪ್ರಾರ್ಥನೆಯನ್ನೂ ಒಂದು ಹೊತ್ತಿನ ಊಟವನ್ನೂ ಮಧ್ಯಾಹ್ನಕ್ಕೆ ಸರಿಸಿದರೆ ತಪ್ಪೇನು? ಅಡುಗೆ, ಪಾತ್ರೆ, ವೃದ್ಧರ ಆರೈಕೆ ಗಂಡುಮಕ್ಕಳ ಪಾಲಿಗೂ ಬರಲಿ.

ಧರ್ಮಕೇಂದ್ರಗಳೂ ಕೈಜೋಡಿಸಬಹುದು. ವಾರದ ದಿನಗಳಲ್ಲಿ ಬೀಗ ಹಾಕಿರುವ ಸಭಾಭವನದ ಒಂದು ಕೋಣೆಗೆ ವಿದ್ಯುತ್ತು, ಇಂಟರ್‌ನೆಟ್ ಒದಗಿಸಿದರೆ, ಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದವರಿಗೆ ಕುಳಿತು ದುಡಿಯಲು ನೆಲೆಯಾಗುತ್ತದೆ. ಸಂಜೆ ಅದಕ್ಕೆ ಬೀಗ ಬಿದ್ದಾಗ ದುಡಿಮೆಯೂ ಮುಗಿಯುತ್ತದೆ. ವಾಳೆಯ ಸಭೆಗಳನ್ನು ಇಂತಹವರಿಗೂ ಬರಲಾಗುವ ಹೊತ್ತಿನಲ್ಲಿ ಏರ್ಪಡಿಸಬಹುದು. ನಮ್ಮ ಸಮುದಾಯದಲ್ಲಿಯೂ ಅಂಗಡಿ, ಶಾಲೆ, ಕಚೇರಿಗಳನ್ನು ನಡೆಸುವವರಿದ್ದಾರೆ. ರಾತ್ರಿ 10 ಗಂಟೆಗೆ ವಾಟ್ಸಾಪ್‌ನಲ್ಲಿ ಆದೇಶ ಕಳುಹಿಸಿ, ಭಾನುವಾರದ ಪೂಜೆಗೆ ಮುನ್ನ ಉತ್ತರ ಬಯಸುವ ಯಜಮಾನರು ಬೆಂಗಳೂರಿನ ಕಂಪೆನಿಗಳನ್ನು ದೂರುವುದಕ್ಕೆ ಮೊದಲು ತಮ್ಮ ಮೊಬೈಲನ್ನು ನೋಡಿಕೊಳ್ಳಬೇಕು.

ಪ್ರತಿ ವರ್ಷ ಮೇ 1ರಂದು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. 1955ರಲ್ಲಿ ಪೋಪ್ 12ನೇ ಪಿಯೂಸರು ನೇಮಿಸಿದ ಈ ಹಬ್ಬ ಕಾರ್ಖಾನೆಯ ಕಾರ್ಮಿಕರಿಗೆ ಮಾತ್ರ ಸೇರಿದ್ದಲ್ಲ. ಬೀಡಿ ಕಟ್ಟುವ ತಾಯಿಗೂ, ಲ್ಯಾಪ್‌ಟಾಪಿನ ಮುಂದೆ ಕುಳಿತ ಮಗಳಿಗೂ ಅದು ಸೇರಿದ್ದು. ಮುಂದಿನ ಹಬ್ಬ ಬರುವುದರೊಳಗೆ ಪ್ರತಿಯೊಂದು ಮನೆಯೂ ದುಡಿಮೆಗೊಂದು ಕೊನೆಯ ಗಂಟೆಯನ್ನು ಗೊತ್ತುಮಾಡಿಕೊಳ್ಳಲೆಂಬುದು ನಮ್ಮ ಹಾರೈಕೆ.