ಪಟ್ಟಿ ಬರೆಯೋ ಕೈ ಯಾರದು?

ಸ್ಲಮ್ಮಿನ ಜನಕ್ಕೆ ಸರ್ಕಾರ ಮನೆ ಕಟ್ಟಿಕೊಡ್ತದೆ ಅನ್ನೋ ಮಾತು ಎಲ್ಲರ ಕಿವಿಗೂ ಹಿತ. ಕೊಡುವವನಿಗೆ ದಾನಿಯ ಹೆಸರು, ತಗೊಳ್ಳುವವನ ತಲೆಮೇಲೆ ಋಣದ ಭಾರ. ಆದರೆ ಈ ದಾನದ ಗದ್ದಲದಲ್ಲಿ ನಾಲ್ಕು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಮನೆ ಎಲ್ಲಿ? ಎಷ್ಟಗಲ? ಅಕ್ಕಪಕ್ಕದಲ್ಲಿ ಯಾರು? ಇವರಿಗೆ ಮನೆ, ಇವರಿಗಿಲ್ಲ ಅಂತ ಪಟ್ಟಿ ಬರೆದವರು ಯಾರು? ಈ ನಾಲ್ಕಕ್ಕೂ ಉತ್ತರ ಹೇಳುವ ಹಕ್ಕು ಆ ಮನೆಯಲ್ಲಿ ಬಾಳಬೇಕಾದವರಿಗೆ ಇಲ್ಲವೆಂದರೆ ಅದನ್ನು ಪುನರ್ವಸತಿ ಅಂತ ಕರೀಬೇಡಿ. ಅದು ಗಡೀಪಾರು.

ನಮ್ಮ ಹಳ್ಳಿಗಳಲ್ಲಿ ಕೇರಿ ಎಲ್ಲಿದೆ ಅಂತ ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳ್ಳಿಯನ್ನು ಸ್ವರ್ಗ ಅಂತ ಹಾಡಿ ಹೊಗಳುವವರನ್ನು ಬಾಬಾಸಾಹೇಬರು 1948ರಲ್ಲಿ ಸಂವಿಧಾನ ಸಭೆಯಲ್ಲೇ ತರಾಟೆಗೆ ತಗೊಂಡರು. ಆ ಸ್ವರ್ಗದ ಕಾಟ ತಾಳದೆ ನಮ್ಮ ಜನ ಗಂಟುಮೂಟೆ ಕಟ್ಟಿ ಪಟ್ಟಣ ಸೇರಿದರು. ಪಟ್ಟಣ ಏನು ಮಾಡಿತು? 2011ರ ಜನಗಣತಿ ನೋಡಿ. ದೇಶದ ನಗರವಾಸಿಗಳಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 13ರ ಒಳಗೆ. ಕೊಳಗೇರಿಗಳಲ್ಲಿ ಮಾತ್ರ ನೂರಕ್ಕೆ 20 ಜನ. ಅಂದರೆ ಊರಾಚೆಯ ಕೇರಿಯಿಂದ ಬಂದವರಿಗೆ ನಗರ ರಾಜಕಾಲುವೆ ಪಕ್ಕ ಇನ್ನೊಂದು ಕೇರಿ ತೋರಿಸಿತು. ಈಗ ಆ ಕಾಲುವೆ ಪಕ್ಕದ ನೆಲಕ್ಕೂ ಚಿನ್ನದ ಬೆಲೆ. ಆದ್ದರಿಂದ ಕೇರಿ ಮತ್ತೆ ಎದ್ದು ನಗರದಾಚೆಗೆ ನಡೀಬೇಕಂತೆ. ಜಾತಿ ಹಳ್ಳಿಯಲ್ಲಿ ಉಳಿಯಲಿಲ್ಲ ಗೆಳೆಯರೇ, ನಗರದ ನಕಾಶೆಯೊಳಗೆ ಬಂದು ಕೂತಿದೆ.

ಕಾನೂನಿನ ಭಾಷೆಯನ್ನೇ ನೋಡಿ. 1973ರ ಕರ್ನಾಟಕದ ಕಾಯ್ದೆ ಕೊಳಚೆ ಪ್ರದೇಶಗಳ ಸುಧಾರಣೆಯ ಜತೆಗೆ ನಿರ್ಮೂಲನೆಯನ್ನೂ ತನ್ನ ಹೆಸರಿನಲ್ಲೇ ಸೇರಿಸಿಕೊಂಡಿತು. ಸೊಳ್ಳೆ ನಿರ್ಮೂಲನೆ, ಸಿಡುಬು ನಿರ್ಮೂಲನೆ, ಅದೇ ಸಾಲಿನಲ್ಲಿ ಕೊಳಚೆ ನಿರ್ಮೂಲನೆ. ಅಲ್ಲಿ ಬದುಕುವ ಮನುಷ್ಯರು ಯಾವ ಲೆಕ್ಕಕ್ಕೆ? ಮಂಡಳಿಯ ಹೆಸರಿಗೆ ಮುಂದೆ 'ಅಭಿವೃದ್ಧಿ' ಅಂಟಿಸಿದರು. ಬೋರ್ಡಿನ ಬಣ್ಣ ಬದಲಾಯಿತು, ಬುಲ್ಡೋಜರಿನ ಬಣ್ಣ ಬದಲಾಗಲಿಲ್ಲ.

ಬೆಂಗಳೂರಿನ ಈಜಿಪುರವನ್ನು ನೆನೆಯಿರಿ. ಕೋರಮಂಗಲದ ಮಗ್ಗುಲಲ್ಲಿ 15 ಎಕರೆಗೂ ಮೀರಿದ ಸಾರ್ವಜನಿಕ ಜಾಗ. ಅಲ್ಲಿ ಬಡವರಿಗೆಂದು ಪಾಲಿಕೆಯೇ ಕ್ವಾರ್ಟರ್ಸ್ ಕಟ್ಟಿಸಿತು. ಎಂಥ ಕಟ್ಟಡ? ಕೆಲವೇ ವರ್ಷಗಳಲ್ಲಿ ಬ್ಲಾಕುಗಳು ಕುಸಿದು ಬೀಳುವಂಥ ಕಟ್ಟಡ. ಜನ ಅದೇ ನೆಲದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾದರು. ಕೊನೆಗೆ ಸರ್ಕಾರಿ-ಖಾಸಗಿ ಸಹಭಾಗಿತ್ವ ಅನ್ನೋ ಮಂತ್ರ ಹೇಳಿ, ಆ ಜಾಗದ ಸುಮಾರು ಅರ್ಧವನ್ನು ಖಾಸಗಿ ಬಿಲ್ಡರ್‌ನ ವಾಣಿಜ್ಯ ಕಟ್ಟಡಕ್ಕೆ ಬರೆದರು. 2013ರ ಜನವರಿಯ ಚಳಿಯಲ್ಲಿ ಪೊಲೀಸರ ಕಾವಲಿನಲ್ಲಿ ಶೆಡ್ಡುಗಳನ್ನು ಕೆಡವಿದರು. ಸುಮಾರು 1,500 ಕುಟುಂಬಗಳು ಬೀದಿಗೆ ಬಿದ್ದವು. ಅನೇಕರು ಅದೇ ಜಾಗದ ಬೇಲಿಯ ಹೊರಗೆ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಹೊದ್ದು ಉಳಿದರು. ಅವರು ಹಠಮಾರಿಗಳಾ? ಅಲ್ಲ. ಕೋರಮಂಗಲದ ಪಾತ್ರೆ ತೊಳೆಯುವವರು, ಕಸ ಗುಡಿಸುವವರು, ಗಾರೆ ಕೆಲಸದವರು ಅವರು. ಕೆಲಸ ಅಲ್ಲಿದೆ, ಮಕ್ಕಳ ಶಾಲೆ ಅಲ್ಲಿದೆ. ಅವರ ಬೆವರು ನಗರಕ್ಕೆ ಬೇಕು, ಅವರ ನೆರಳು ಬೇಡ. ಇದು ಹಳೇ ಕಥೆಯೇ ಅಲ್ಲವೇ?

ಕೋರ್ಟುಗಳಿವೆಯಲ್ಲ ಅಂತೀರಿ. ಮುಂಬಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ದೊಡ್ಡ ಮಾತು ಹೇಳಿತು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂತ ಒಪ್ಪಿತು. ಒಪ್ಪಿದ ತೀರ್ಪೇ ಫುಟ್‌ಪಾತ್ ತೆರವು ಮಾಡಬಹುದು, ಆದರೆ ಮಳೆಗಾಲ ಕಳೆಯಲಿ ಅಂತಲೂ ಹೇಳಿತು. ಹಕ್ಕು ಪುಸ್ತಕಕ್ಕೆ, ಗುಡಿಸಲು ಮಣ್ಣಿಗೆ. ಕೋರ್ಟಿಗೆ ಹೋಗಬೇಡಿ ಅಂತ ಹೇಳ್ತಿಲ್ಲ. ಹಿಂದೆ ಸಂಘಟನೆ ಇಲ್ಲದೆ ಕೋರ್ಟಿಗೆ ಹೋದವರ ಕೈಗೆ ಹಾಳೆ ಮಾತ್ರ ಬರ್ತದೆ ಅಂತಿದೀನಿ.

ಇನ್ನೊಂದು ಅಪವಾದ ಇದೆ. 'ಕೊಟ್ಟ ಮನೆ ಮಾರ್ಕೊಂಡು ವಾಪಸ್ ಸ್ಲಮ್ಮಿಗೇ ಬರ್ತಾರೆ ಈ ಜನ' ಅಂತ ಅಧಿಕಾರಿಗಳೂ ಅಂತಾರೆ, ಬಸ್ಸಿನಲ್ಲಿ ಪಕ್ಕ ಕೂತ ಸಭ್ಯರೂ ಅಂತಾರೆ. ಸ್ವಾಮಿ, ಒಂದು ಲೆಕ್ಕ ಹಾಕಿ. ನಾಲ್ಕು ಮನೆಯ ಮುಸುರೆ ತಿಕ್ಕಿ ಬದುಕುವ ಹೆಂಗಸನ್ನು ಆ ಮನೆಗಳಿಂದ ಹತ್ತು ಹದಿನೈದು ಮೈಲಿ ಆಚೆ ಒಗೆದರೆ ಬೆಳಗಿನ ಆರಕ್ಕೆ ಕೆಲಸಕ್ಕೆ ಹೇಗೆ ಬರಬೇಕು? ಬಸ್ಸಿನ ದುಡ್ಡು ಕೂಲಿಯಲ್ಲಿ ಕಳೆದರೆ ಉಳಿಯೋದೆಷ್ಟು? ಮೂರನೇ ಮಹಡಿಯಲ್ಲಿ ತಳ್ಳುಗಾಡಿ ಎಲ್ಲಿ ನಿಲ್ಲಿಸಬೇಕು, ಕುರಿ ಕೋಳಿ ಎಲ್ಲಿ ಕಟ್ಟಬೇಕು? ಆಕೆ ಬಿಟ್ಟು ಬಂದದ್ದು ಮನೆಯನ್ನಲ್ಲ, ಉಪವಾಸವನ್ನು.

ಹಾಗಾದರೆ ಜನ ತಾವೇ ನಿಂತು ಮಾಡಿದ್ದು ಎಲ್ಲಾದರೂ ಇದೆಯೇ? ಇದೆ. ಆ ಕಥೆಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಮನುಷ್ಯನೊಬ್ಬನಿದ್ದಾನೆ. ಜೋಕಿನ್ ಅರ್ಪುತಂ ಮುಂಬಯಿಗೆ ಹೋಗಿ ಜನತಾ ಕಾಲೊನಿಯ ಗುಡಿಸಲುಗಳ ನಡುವೆ ಬಾಳಿದ. ಆ ಕಾಲೊನಿಯ ಜನರನ್ನು ಹಿಂದೆ ಅಲ್ಲಿಗೆ ತಂದು ಹಾಕಿದ್ದೇ ಪಾಲಿಕೆ. ಪಕ್ಕದ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಬೇಕಾದಾಗ, 1976ರಲ್ಲಿ, ತುರ್ತು ಪರಿಸ್ಥಿತಿಯ ಕತ್ತಲಲ್ಲಿ ಸುಮಾರು 70,000 ಜನರ ಆ ಊರನ್ನು ನೆಲಸಮ ಮಾಡಿ ಚೀತಾ ಕ್ಯಾಂಪಿಗೆ ಎಸೆದರು. ಆ ಸೋಲಿನಿಂದ ಅರ್ಪುತಂ ಒಂದು ಪಾಠ ಕಲಿತ. ಬರೀ ಅಡ್ಡ ಮಲಗಿದರೆ ಸಾಲದು. ನಮ್ಮ ಲೆಕ್ಕ ನಮ್ಮ ಹತ್ತಿರ ಇರಬೇಕು, ಸರ್ಕಾರದ ಯೋಜನೆ ಬರೋ ಮೊದಲೇ ನಮ್ಮ ಯೋಜನೆ ತಯಾರಿರಬೇಕು.

ಅದನ್ನು ಮಾಡಿ ತೋರಿಸಿದವರು ಬೈಕುಲಾದ ಫುಟ್‌ಪಾತಿನ ಹೆಂಗಸರು. ಸರ್ಕಾರದ ಗಣತಿ ಅವರನ್ನು ಎಣಿಸಿರಲಿಲ್ಲ. 1985ರಲ್ಲಿ ಸುಮಾರು 6,000 ಫುಟ್‌ಪಾತ್ ಕುಟುಂಬಗಳ ಲೆಕ್ಕ ಬರೆದಾಗ ಆ ಜನವೇ ಅದರಲ್ಲಿ ಕೈಜೋಡಿಸಿದರು. ಆಮೇಲೆ ಮಹಿಳಾ ಮಿಲನ್ ಕಟ್ಟಿಕೊಂಡು ದಿನಕ್ಕೊಂದು ಎರಡು ರೂಪಾಯಿ ಕೂಡಿಟ್ಟರು. ಬಟ್ಟೆ ಕಟ್ಟಿ, ಮರ ನಿಲ್ಲಿಸಿ ಮನೆಯ ಮಾದರಿ ಮಾಡಿದರು. ಹದಿನಾಲ್ಕು ಅಡಿ ಎತ್ತರ ಇರಲಿ, ಒಳಗೊಂದು ಅಟ್ಟ ಬರಲಿ, ಮಲಗೋಕೆ ಜಾಗ ಆಗ್ತದೆ ಅಂತ ಅಂದರು. ಯಾವ ಎಂಜಿನಿಯರಿಗೂ ಹೊಳೆಯದ ಮಾತು ಅದು. ಎಂಟು ಜನ ಒಂದೇ ಕೋಣೆಯಲ್ಲಿ ಮಲಗಿ ಗೊತ್ತಿದ್ದವರಿಗೆ ಮಾತ್ರ ಹೊಳೀತದೆ.

ಇದನ್ನೂ ಕಣ್ಣು ಮುಚ್ಚಿ ಹೊಗಳಬಾರದು. 2000ದ ನಂತರ ರೈಲು ಹಳಿ ಪಕ್ಕದ ಸಾವಿರಾರು ಕುಟುಂಬಗಳು ಹೀಗೇ ತಮ್ಮ ಪಟ್ಟಿ ತಾವೇ ಮಾಡಿ, ಪೊಲೀಸರ ಲಾಠಿ ಇಲ್ಲದೆ ಹೊಸ ಮನೆಗಳಿಗೆ ಹೋದವು. ಆದರೆ ಮುಂಬಯಿಯ ಎಷ್ಟೋ ಪುನರ್ವಸತಿ ಕಾಲೊನಿಗಳನ್ನು ನೋಡಿ. ಕಟ್ಟಡಕ್ಕೂ ಕಟ್ಟಡಕ್ಕೂ ನಡುವೆ ಬರೀ ಮೂರು ಮೀಟರ್. ಕೆಳಮಹಡಿಗೆ ಬಿಸಿಲಿಲ್ಲ, ಗಾಳಿಯಿಲ್ಲ, ಕ್ಷಯ ಮನೆಮನೆಗೆ ಹೊಕ್ಕಿತು. ಯಾಕೆ? ಪಟ್ಟಿ ಜನರದಾಯಿತು, ನೆಲದ ಬೆಲೆ ಮತ್ತು ಕಟ್ಟಡದ ನಿಯಮ ಬಿಲ್ಡರ್‌ನ ಕೈಯಲ್ಲೇ ಉಳೀತು. 'ಸಮುದಾಯದ ಸಹಭಾಗಿತ್ವ' ಅನ್ನೋ ಪದವನ್ನು ಈಗ ಪ್ರಭುತ್ವವೂ ಕಲಿತಿದೆ. ನಾಳೆ ನಮ್ಮ ಕೈಗೇ ಪೊರಕೆ ಕೊಟ್ಟು ನಮ್ಮನ್ನೇ ಗುಡಿಸಿಕೊಳ್ಳಿ ಅನ್ನಬಹುದು. ಎಚ್ಚರ.

ಆದ್ದರಿಂದ ನೆಲದ ಹಕ್ಕೇ ಮೊದಲು, ಮನೆ ಆಮೇಲೆ. ಒಡಿಶಾ 2017ರಲ್ಲಿ ಕೊಳಗೇರಿ ಜನರಿಗೆ ನೆಲದ ಹಕ್ಕು ಕೊಡುವ ಕಾನೂನು ತಂತು. ಆ ಹಕ್ಕನ್ನು ಮಾರುವ ಹಾಗಿಲ್ಲ, ಮಕ್ಕಳಿಗೆ ಬರ್ತದೆ, ಮದುವೆಯಾದವರಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರೂ ಇರ್ತದೆ. ಒಡಿಶಾಕ್ಕೆ ಆಗೋದು ಕರ್ನಾಟಕಕ್ಕೆ ಯಾಕಾಗದು?

ವಿದ್ಯಾರ್ಥಿ ಗೆಳೆಯರೇ, ಭಾಷಣ ಸಾಕು. ನಿಮ್ಮ ಹಾಸ್ಟೆಲಿನ ಹಿಂದಿನ ಸ್ಲಮ್ಮಿಗೆ ಹೋಗಿ. ಮೇಷ್ಟ್ರುಗಳೇ, ನಿಮ್ಮ ತಾಲೂಕು ಪಟ್ಟಣದಲ್ಲೂ ಒಂದು ಸ್ಲಮ್ಮಿದೆ, ನಿಮ್ಮೂರ ಕೇರಿಯ ಮಕ್ಕಳೇ ಅಲ್ಲಿದ್ದಾರೆ. ಅಲ್ಲಿನ ಹೆಂಗಸರ ಜತೆ ಕೂತು ಮನೆಮನೆ ಲೆಕ್ಕ ಬರೆಯಿರಿ. ಯಾರು ಎಲ್ಲಿಂದ ಬಂದರು, ಎಷ್ಟು ವರ್ಷವಾಯಿತು, ಕೆಲಸ ಎಷ್ಟು ದೂರ, ಬಾಡಿಗೆಗಿದ್ದಾರಾ. ಬಾಡಿಗೆಯವರನ್ನೂ ಒಂಟಿ ಹೆಂಗಸರನ್ನೂ ಬಿಡಬೇಡಿ, ಸರ್ಕಾರದ ಪಟ್ಟಿ ಮೊದಲು ಕೈಬಿಡೋದು ಅವರನ್ನೇ. ಬರೆದದ್ದನ್ನು ಬೀದಿಯ ನಡುವೆ ಎಲ್ಲರೆದುರು ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದಲಿ. ಒಂದು ಪ್ರತಿ ಸಂಘದ ಹತ್ತಿರ ಇರಲಿ.

ಬುಲ್ಡೋಜರ್ ಬರೋ ದಿನ ಅಧಿಕಾರಿಯ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರ್ತದೆ. ಅವತ್ತು ನಮ್ಮ ಕೈ ಖಾಲಿ ಇರಬಾರದು.