ಯಾರ ಸಾಲು ಓದೋಣ?

ಹೋದ ತಿಂಗಳು ಒಬ್ಬ ತಮ್ಮ ನನ್ನ ರೂಮಿಗೆ ಬಂದ. ಮಲ್ಲೇಶ್ವರಂನ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿರುವ ಹಾಸ್ಟೆಲ್ ಹುಡುಗ. ಸ್ಕಾಲರ್‌ಶಿಪ್ಪಿನಲ್ಲಿ ಒಂದು ಸಾವಿರ ರೂಪಾಯಿ ಉಳಿಸಿಕೊಂಡಿದ್ದ. “ಅಣ್ಣಾ, ಕ್ಲಾಸಿನೋರೆಲ್ಲಾ ಮೂರು ಸಂಪುಟ, ಐದು ಸಂಪುಟದ ಮಾಯಾಲೋಕದ ಕಾದಂಬರಿ ಓದ್ತಾರೆ. ಕ್ಯಾಂಟೀನಲ್ಲೂ ಅದೇ ಮಾತು. ನಾನು ಬಾಯಿ ಮುಚ್ಕಂಡು ಕೂತಿರ್ತೀನಿ. ಯಾವುದನ್ನ ಕೊಂಡು ಓದಲಿ?” ಅಂದ.

ಅಲ್ಲೇ ಕೂತಿದ್ದ ಸಂಘಟನೆಯ ಹಿರಿಯರೊಬ್ಬರು ನಕ್ಕರು. “ಹೊಟ್ಟೆಗೆ ಹಿಟ್ಟಿಲ್ಲದೋನಿಗೆ ಡ್ರ್ಯಾಗನ್ ಕತೆ ಯಾಕಪ್ಪಾ? ಅಂಬೇಡ್ಕರ್ ಓದು, ಸಾಕು” ಅಂದರು. ಹುಡುಗನ ಮುಖ ಸಣ್ಣದಾಯಿತು.

ಆ ನಗು ನನಗೆ ಸರಿಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೆಳೆಯರೇ, ಯಾವುದನ್ನು ಓದಬೇಕು ಎಂಬುದು ನಮಗೆ ಯಾವತ್ತೂ ಹೊತ್ತು ಕಳೆಯುವ ಪ್ರಶ್ನೆಯಾಗಿರಲಿಲ್ಲ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಆ ಒಂದು ಮಾತಿಗೆ ಮಂತ್ರಿ ಪದವಿ ಹೋಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಯಾವುದು ಕಾಳು, ಯಾವುದು ಬೂಸಾ ಎಂದು ಕೇಳಿದ್ದಕ್ಕೇ ಅಷ್ಟು ರಕ್ತ! ಆ ಜರಡಿಯನ್ನು ಕನ್ನಡಕ್ಕೆ ಮಾತ್ರ ಹಿಡಿಯಬೇಕು, ಇಂಗ್ಲಿಷಿನ ಮಾಯಾಲೋಕಕ್ಕೆ ಹಿಡಿಯಬಾರದು ಎಂದು ಯಾರು ಹೇಳಿದರು? ಕನಸು ಕಾಣುವುದೂ ಉಳ್ಳವರ ಸೊತ್ತೇನು?

ನನ್ನದೂ ಒಂದು ಕತೆ ಇದೆ. ರೈಲು ಹಳಿಯ ಈಚೆ ಮಲ್ಲೇಶ್ವರಂ, ಆಚೆ ಶ್ರೀರಾಮಪುರ. ಕವಿ ಸಿದ್ಧಲಿಂಗಯ್ಯನವರು ಬೆಳೆದ ಶ್ರೀರಾಮಪುರ. ನನ್ನ ರೂಮು ಆಚೆ. ಮನೆಪಾಠ ಹೇಳಲು ಹೋಗುತ್ತಿದ್ದದ್ದು ಈಚೆ, ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಕ್ರಾಸಿನ ಮನೆಗೆ. ಹುಡುಗನ ಕೋಣೆಯಲ್ಲಿ ಗೋಡೆ ತುಂಬ ಪುಸ್ತಕ. “ಸಾರ್, ನಿಮ್ಮ ಫೇವರಿಟ್ ಸೀರೀಸ್ ಯಾವುದು?” ಅಂದ. ಒಂದನ್ನೂ ಓದಿರಲಿಲ್ಲ. “ನಮ್ಮ ತಾತ ತಂಬೂರಿ ಹಿಡ್ಕಂಡು ಮಂಟೇಸ್ವಾಮಿ ಕತೆ ಹಾಡೋರು ಕಣಪ್ಪ, ಬೆಳಗಾನ. ಅದೇ ನನ್ನ ಸೀರೀಸು” ಅಂದೆ. ಹುಡುಗ ಕಣ್ಣರಳಿಸಿದ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ, “ಓ, ಹಾಗಾದ್ರೆ ನೀವು ಯಾವ ಪೈಕಿ?” ಅಂದರು. ಹೇಳಿದೆ. ಮುಂದಿನ ವಾರದಿಂದ ಬರುವುದು ಬೇಡ ಅಂತ ಫೋನು ಬಂತು.

ಆಮೇಲೆ ಹಟಕ್ಕೆ ಬಿದ್ದೆ. ಫುಟ್‌ಪಾತಿನಲ್ಲಿ ಕೊಂಡು, ಗೆಳೆಯರ ಹತ್ತಿರ ಕಾಡಿ ಬೇಡಿ ತಂದು, ಎರಡು ವರ್ಷ ಆ ಗೋಡೆಯ ಪುಸ್ತಕಗಳನ್ನೇ ಓದಿದೆ. ಓದುವಾಗ ಮೂರು ಪ್ರಶ್ನೆ ಇಟ್ಟುಕೊಂಡೆ. ಈ ಲೋಕದಲ್ಲಿ ಹುಟ್ಟಿನಿಂದಲೇ ಕೆಟ್ಟವರು ಯಾರು? ಇಲ್ಲಿ ದುಡಿಯುವವರು ಯಾರು? ಕೊನೆಗೆ ಬದಲಾಗುವುದು ರಾಜನೋ, ರಾಜ್ಯವೋ?

ಮೊದಲು ಟೋಲ್ಕಿನ್. 1954–55ರಲ್ಲಿ ಮೂರು ಸಂಪುಟವಾಗಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಸುಳ್ಳು ಹೇಳಲಾರೆ, ಆ ಕಾಡು, ಆ ದಾರಿ, ಆ ಭಾಷೆಗಳು ನನ್ನನ್ನೂ ಹಿಡಿದುಕೊಂಡವು. ಆದರೆ ಅಲ್ಲಿನ ಓರ್ಕ್‌ಗಳನ್ನು ನೋಡಿ. ಅವರಿಗೆ ತಾಯಿ ಕಾಣುವುದಿಲ್ಲ, ಮಗು ಕಾಣುವುದಿಲ್ಲ, ಹಾಡುವ ಅಜ್ಜ ಕಾಣುವುದಿಲ್ಲ. ಹುಟ್ಟಿದ್ದೇ ಸಾಯುವುದಕ್ಕೆ. ಒಂದು ಯುದ್ಧದಲ್ಲಿ ಇಬ್ಬರು ವೀರರು ಯಾರು ಹೆಚ್ಚು ಓರ್ಕ್‌ಗಳನ್ನು ಕೊಂದರೆಂದು ಪಂದ್ಯ ಕಟ್ಟಿ ಎಣಿಸುತ್ತಾರೆ. ನಮ್ಮ ಪುರಾಣದ ರಾಕ್ಷಸ ಸಂಹಾರಕ್ಕೂ ಇದಕ್ಕೂ ಏನು ವ್ಯತ್ಯಾಸ? ಇನ್ನು ಸ್ಯಾಮ್ ಎಂಬ ತೋಟಗಾರ. ಕೆಲಸವೆಲ್ಲ ಅವನದು. ಬೆಟ್ಟದ ಮೇಲೆ ಒಡೆಯನನ್ನು ಹೊತ್ತು ನಡೆದವನೂ ಅವನೇ. ಬಾಯಲ್ಲಿ ಮಾತ್ರ ಕೊನೆತನಕ ‘ಮಿಸ್ಟರ್ ಫ್ರೋಡೊ’! ಅವನು ಮುಂದೆ ಮೇಯರ್ ಆಗುತ್ತಾನೆ, ನಿಜ. ಆದರೆ ಮೂರನೇ ಸಂಪುಟದ ಹೆಸರೇ ರಾಜ ಮರಳಿ ಬಂದದ್ದನ್ನು ಹೇಳುತ್ತದೆ. ರಾಜ್ಯ ಯಾರದು ಅನ್ನುವುದು ರಕ್ತದಲ್ಲೇ ಬರೆದಿದೆ.

ಎರಡನೆಯದು ಜಾರ್ಜ್ ಮಾರ್ಟಿನ್. 1996ರಿಂದ 2011ರವರೆಗೆ ಐದು ಸಂಪುಟ ಬಂದವು. ಆರನೆಯದಕ್ಕೆ ಓದುಗರು ಕಾದೇ ಇದ್ದಾರೆ. ಈತ ರಾಜಮನೆತನಗಳ ಕೊಳಕನ್ನು ಬಯಲಿಗೆ ಎಳೆಯುತ್ತಾನೆ, ಅದಕ್ಕೆ ಶರಣು. ಆದರೆ ಡಾವೋಸ್ ಎಂಬ ಕೇರಿಯ ಮಗನನ್ನು ನೋಡಿ. ಹಸಿವಿನಿಂದ ಸಾಯುತ್ತಿದ್ದ ಕೋಟೆಗೆ ಕಳ್ಳದಾರಿಯಲ್ಲಿ ಆಹಾರ ಸಾಗಿಸಿ ಒಡೆಯನನ್ನು ಉಳಿಸಿದವನು. ಒಡೆಯ ಅವನಿಗೆ ಪದವಿ ಕೊಟ್ಟ, ಹಳೆಯ ಕಳ್ಳಸಾಗಣೆಯ ತಪ್ಪಿಗೆ ಬೆರಳ ತುದಿಗಳನ್ನೂ ಕಡಿಸಿದ. ಇವನು ಅದನ್ನೇ ನ್ಯಾಯ ಅಂತ ನಂಬಿ ಹಿಂದೆ ನಡೆಯುತ್ತಾನೆ. ಏಕಲವ್ಯನ ಹೆಬ್ಬೆರಳು ಕಂಡವರಿಗೆ ಈ ನಿಷ್ಠೆಯ ಅರ್ಥ ಬಿಡಿಸಿ ಹೇಳಬೇಕೇ? ಗುಲಾಮರ ಬಿಡುಗಡೆಯೂ ಅಲ್ಲಿ ಹೆಚ್ಚಾಗಿ ಒಬ್ಬ ರಾಣಿಯ ದಾನ.

ಮೂರನೆಯದು ನಮ್ಮ ನೆಲದ್ದೇ. ಅಮೀಶ್ ತ್ರಿಪಾಠಿಯವರ ಶಿವನ ಮೂರು ಸಂಪುಟ, 2010ರಿಂದ 2013. ಮೊದಲನೆಯದು ಕನ್ನಡಕ್ಕೂ ಬಂದಿದೆ. ಇಲ್ಲಿ ಎಚ್ಚರವಾಗಿ ಓದಬೇಕು. ಮೆಲೂಹದಲ್ಲಿ ಕೂಸುಗಳನ್ನೆಲ್ಲ ತಾಯಂದಿರಿಂದ ತೆಗೆದು ಒಟ್ಟಿಗೆ ಬೆಳೆಸುತ್ತಾರೆ, ಪರೀಕ್ಷೆ ಮಾಡಿ ವರ್ಣ ಹಂಚುತ್ತಾರೆ. ಆಹಾ, ಎಂಥ ನ್ಯಾಯ ಅಂತ ಮಲ್ಲೇಶ್ವರಂ ತಲೆದೂಗುತ್ತದೆ! ಅದೇ ರಾಜ್ಯದಲ್ಲಿ ‘ವಿಕರ್ಮ’ರಿದ್ದಾರೆ. ಹಿಂದಿನ ಜನ್ಮದ ಪಾಪಕ್ಕೆ ಈ ಜನ್ಮದಲ್ಲಿ ಮುಟ್ಟಬಾರದವರು. ಶಿವ ಆ ಕಾನೂನನ್ನು ತೆಗೆಸುತ್ತಾನೆ, ಒಪ್ಪಿದೆ. ವರ್ಣ ಮಾತ್ರ ಹಾಗೇ ಇರುತ್ತದೆ! ಹುಟ್ಟಿನಿಂದಲ್ಲ, ಗುಣದಿಂದ ಚಾತುರ್ವರ್ಣ್ಯ ಎಂಬ ಈ ಹಳೇ ಮದ್ದನ್ನು ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಒಡೆದು ತೋರಿಸಿದ್ದರು. ಗುಣವೇ ಮುಖ್ಯವಾದರೆ ಬ್ರಾಹ್ಮಣ ಶೂದ್ರ ಎಂಬ ಹೆಸರಿನ ಚೀಟಿ ಏಕೆ ಬೇಕು ಎಂಬುದು ಅವರ ಪ್ರಶ್ನೆ. ಅದಕ್ಕೆ ಮೆಲೂಹದಲ್ಲಿ ಉತ್ತರವಿಲ್ಲ.

ಹಾಗಾದರೆ ಎಲ್ಲವೂ ಬೂಸಾವೇ? ಅಲ್ಲ.

ಉರ್ಸುಲಾ ಲೆ ಗ್ವಿನ್ 1968ರಲ್ಲಿ ‘ಅರ್ಥ್‌ಸೀ’ ಆರಂಭಿಸಿದರು. ನಾಯಕ ಗೆಡ್ ತಾಯಿಯಿಲ್ಲದ ಮಗು, ಕಂಚುಗಾರನ ಮಗ, ಆಡು ಕಾಯುವ ಹುಡುಗ, ಕೆಂಗಂದು ಮೈಬಣ್ಣ. 2004ರ ಟಿ.ವಿ. ಚಿತ್ರದಲ್ಲಿ ಅವನನ್ನು ಬಿಳಿಯನನ್ನಾಗಿ ಮಾಡಿದಾಗ ಆಕೆ ಬಹಿರಂಗವಾಗಿ ಪ್ರತಿಭಟಿಸಿದರು. ಗೆಡ್ ಗೆಲ್ಲಬೇಕಾದ ಕತ್ತಲು ಬೇರೆ ಜನಾಂಗವಲ್ಲ, ಅವನದೇ ಅಹಂಕಾರ ಬಿಡಿಸಿದ ನೆರಳು. ಅಲ್ಲಿನ ಮಂತ್ರಶಾಲೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಆಕೆ ಅದನ್ನೂ ತಾವೇ ಪ್ರಶ್ನಿಸಿಕೊಂಡು 1990ರಲ್ಲಿ ‘ತೆಹಾನು’ ಬರೆದರು. ಒಬ್ಬ ವಿಧವೆ, ಬೆಂಕಿಯಲ್ಲಿ ಸುಟ್ಟ ಒಂದು ಹೆಣ್ಣುಮಗು, ಇವರೇ ಅಲ್ಲಿ ಮುಖ್ಯ. ತನ್ನ ಲೋಕದ ತಪ್ಪನ್ನು ತಾನೇ ತಿದ್ದುವ ಲೇಖಕಿ ನನಗೆ ದೊಡ್ಡವಳು.

ಎನ್.ಕೆ. ಜೆಮಿಸಿನ್ ಕಪ್ಪು ಹೆಣ್ಣುಮಗಳು. ಆಕೆಯ ‘ಬ್ರೋಕನ್ ಅರ್ತ್’ 2015, 2016, 2017ರಲ್ಲಿ ಮೂರು ಸಂಪುಟವಾಗಿ ಬಂತು. ಮೂರಕ್ಕೂ ಸತತ ಮೂರು ವರ್ಷ ಹ್ಯೂಗೋ ಪ್ರಶಸ್ತಿ. ಆ ಲೋಕದಲ್ಲಿ ಮನುಷ್ಯರ ಹೆಸರಿನೊಳಗೇ ಕಸುಬಿನ ಜಾತಿ ಸೇರಿಕೊಂಡಿದೆ. ಭೂಕಂಪ ತಡೆಯುವ ಶಕ್ತಿಯಿರುವವರನ್ನೇ ಸರಪಳಿಯಲ್ಲಿಟ್ಟು, ಬೈದು, ದುಡಿಸಿಕೊಳ್ಳುತ್ತಾರೆ. ಊರು ಉಳಿಯುವುದು ಅವರಿಂದ, ಊರೊಳಗೆ ಜಾಗ ಇಲ್ಲದ್ದೂ ಅವರಿಗೇ. ಓದುವಾಗ ನನಗೆ ಮ್ಯಾನ್‌ಹೋಲಿಗೆ ಇಳಿಯುವ ನಮ್ಮ ಜನ ಕಂಡರು.

ಇಷ್ಟು ಓದಿ ಮುಗಿಸಿದ ಮೇಲೆ ತಾತನ ತಂಬೂರಿ ಮತ್ತೆ ಕಿವಿಗೆ ಬಿತ್ತು. ಸೀರೀಸ್ ಅಂತ ಇವರು ಅನ್ನುವುದನ್ನು ನಮ್ಮ ಕಡೆ ‘ಸಾಲು’ ಅನ್ನುತ್ತಾರೆ. ಶ್ರವಣನ ಸಾಲು, ಸಂಕಮ್ಮನ ಸಾಲು, ಹೀಗೆ ಸಾಲು ಸಾಲಾಗಿ ಮಾದಪ್ಪನ ಕಾವ್ಯ. ದೇವತೆಗಳನ್ನೇ ಸೆರೆಯಿಟ್ಟ ಶ್ರವಣ ದೊರೆಯನ್ನು ಮುಗಿಸಲು ಬ್ರಹ್ಮಾಸ್ತ್ರ ಬೇಕಾಗಲಿಲ್ಲ, ಮಾದಿಗರ ಹರಳಯ್ಯ ಹೊಲಿದ ಕೆರ ಬೇಕಾಯಿತು. ಮಂಟೇಸ್ವಾಮಿ ಗಬ್ಬು ನಾರುವ ಮೈಯಲ್ಲಿ ಕಲ್ಯಾಣದ ಬಾಗಿಲಿಗೆ ಬಂದು, ನಿಮ್ಮ ಸಮಾನತೆ ಎಷ್ಟು ಗಟ್ಟಿ ನೋಡೋಣ ಅಂತ ಶರಣರನ್ನೇ ಪರೀಕ್ಷೆಗೆ ಹಚ್ಚುತ್ತಾನೆ. ಗೆಡ್ ಕಂಚುಗಾರನ ಮಗನಾದರೆ, ಸಿದ್ದಪ್ಪಾಜಿಯಾದ ಕೆಂಪಾಚಾರಿ ಕಬ್ಬಿಣದ ಕೆಲಸದವರ ಮಗ. ಇವು ಎಲ್ಲದರಲ್ಲೂ ಸರಿ ಅಂತಲ್ಲ. ಸಂಕಮ್ಮನಿಂದ ಗಂಡ ಆಣೆ ಕೇಳುವ ಕಡೆ ನನ್ನ ರಕ್ತ ಕುದಿಯುತ್ತದೆ. ಆದರೆ ಗಂಡನ ಆ ಕ್ರೌರ್ಯವನ್ನು ಕಾವ್ಯ ಮುಚ್ಚಿಡುವುದಿಲ್ಲ.

ಈ ಎರಡು ಮಹಾಕಾವ್ಯಗಳನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದೆ. ಆದರೆ ಇವನ್ನು ‘ಜಾನಪದ’ದ ಕಪಾಟಿಗೆ ತಳ್ಳುತ್ತಾರೆ. ಮಹಾಕಾವ್ಯದ ಕಪಾಟು ಬೇರೆ. ಊರು ಬೇರೆ, ಕೇರಿ ಬೇರೆ. ಪುಸ್ತಕಗಳಿಗೂ!

ತಮ್ಮಾ, ನಿನ್ನ ಸಾವಿರ ರೂಪಾಯಿಗೆ ನನ್ನ ಉತ್ತರ ಇದು. ಮೊದಲು ‘ಅರ್ಥ್‌ಸೀ’ಯ ಮೊದಲ ಪುಸ್ತಕ ಕೊಳ್ಳು, ಸಣ್ಣದು, ಇಂಗ್ಲಿಷೂ ತಿಳಿಯಾಗಿದೆ. ಆಮೇಲೆ ಜೆಮಿಸಿನ್, ಕಷ್ಟ ಅನ್ನಿಸಿದರೆ ನನ್ನ ಪ್ರತಿ ಇದೆ, ಕೂತು ಓದೋಣ. ಟೋಲ್ಕಿನ್, ಮಾರ್ಟಿನ್‌ಗೆ ದುಡ್ಡು ಹಾಕಬೇಡ, ಸಿಕ್ಕಿದರೆ ಎರವಲು ತಂದು ಓದು. ಅಮೀಶರನ್ನು ಓದುವುದಾದರೆ ಪಕ್ಕದಲ್ಲಿ ‘ಜಾತಿ ವಿನಾಶ’ ಇರಲಿ, ಕೈಯಲ್ಲಿ ಪೆನ್ಸಿಲ್ ಇರಲಿ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ನನ್ನ ಜೊತೆ ಬಾ. ನೀಲಗಾರರ ಮುಂದೆ ಬೆಳಗಾನ ಕೂತು ಕೇಳು. ಅದಕ್ಕೆ ದುಡ್ಡಿಲ್ಲ.

ಮೇಷ್ಟ್ರುಗಳೇ, ನಿಮಗೂ ಒಂದು ಮಾತು. ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಇದೆ. ಬಾಡಿಗೆ ಮನೆಯವರ ಬಾಡಿಗೆಯಲ್ಲೂ ಅದು ಸೇರಿದೆ. ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ ಈ ಪುಸ್ತಕಗಳ ಹೆಸರು ಬರೆದುಕೊಡಿ. ಮಂಟೇಸ್ವಾಮಿಯನ್ನು ಮಹಾಕಾವ್ಯದ ಕಪಾಟಿಗೆ ಹತ್ತಿಸಿ ಅಂತ ಕೇಳಿ.

ನಕ್ಕ ಹಿರಿಯರಿಗೆ ಕೊನೆಯ ಮಾತು. ಅಂಬೇಡ್ಕರ್ ಓದು ಅಂದಿರಿ, ಸರಿ. ಅಂಬೇಡ್ಕರ್ ಓದಿದವನೇ ಯಾವ ಪುಸ್ತಕವನ್ನಾದರೂ ಧೈರ್ಯವಾಗಿ ತೆರೆಯಬಲ್ಲ. ಆ ಹುಡುಗ ನಾಳೆ ಕ್ಯಾಂಟೀನಿನಲ್ಲಿ ಬಾಯಿ ಮುಚ್ಚಿ ಕೂರುವುದಿಲ್ಲ. “ನಿಮ್ಮ ಓರ್ಕಿಗೆ ಅವ್ವ ಯಾರು?” ಅಂತ ಕೇಳುತ್ತಾನೆ.